ತೇಗಲಾರದ ಕಾರು

ಒಲ್ಲೆ ಎಂದವರಿಗೂ ಉಣ್ಣಿಸಬಲ್ಲೆ ಎಂಬ ಸಣ್ಣದೊಂದು ಹೆಮ್ಮೆ ನನಗಿತ್ತು. ಮನೆಗೆ ಬಂದ ಬೀಗರು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ, ಬೆರಳುಗಳ ಸಂದಿ ನೋಡಿಯೇ ಇವರಿಗೆ ಇನ್ನೊಂದು ಹೋಳಿಗೆ ಹೋಗುತ್ತದೋ ಇಲ್ಲವೋ ಹೇಳಿಬಿಡುತ್ತಿದ್ದೆ. ಜ್ವರ ಬಂದ ಮಕ್ಕಳಿಗೆ ಗಂಜಿ ಕುಡಿಸಿದ್ದೇನೆ, ಮುನಿಸಿಕೊಂಡ ಗಂಡನಿಗೆ ರೊಟ್ಟಿ ತಿನ್ನಿಸಿದ್ದೇನೆ. ಇಂಥ ನನ್ನನ್ನು ಸೋಲಿಸಿದ್ದು ನಮ್ಮ ಹಳೆಯ ಬಿಳಿ ಕಾರು. ಅದು ಪೆಟ್ರೋಲು ಕುಡಿಯಲು ಒಲ್ಲೆ ಎಂದಿತು.

ಆಳಂದದ ಬಂಕಿನಲ್ಲಿ ಅವತ್ತು ಪೈಪು ಇಟ್ಟು ಒತ್ತಿದರೆ ಒಂದು ಗುಟುಕು ಒಳಗೆ ಹೋಗಿ 'ಟಕ್' ಎಂದು ನಿಂತಿತು. ಮತ್ತೆ ಒತ್ತಿದರೆ ಮತ್ತೆ ಟಕ್. ಆಮೇಲೆ ಕುಡಿದದ್ದನ್ನೂ ವಾಪಸು ಉಗುಳಿ ಬಂಕಿನವನ ಚಪ್ಪಲಿ ತೋಯಿಸಿತು. ಹಿಂದೆ ತೊಗರಿ ಚೀಲ ಹೇರಿಕೊಂಡ ಟೆಂಪೋ ಹಾರ್ನ್ ಬಾರಿಸತೊಡಗಿತು. ಕಾನ್ವೆಂಟಿನಲ್ಲಿ ಕಲಿತವಳು ನಾನು. ಏನೂ ತೋಚದಿದ್ದರೆ ನಕ್ಕು 'ಸಾರಿ' ಅನ್ನುವುದು ರೂಢಿ. ಬಂಕಿನವನಿಗೆ, ಟೆಂಪೋದವನಿಗೆ, ಕೊನೆಗೆ ತೋಯ್ದ ಚಪ್ಪಲಿಗೂ ಸಾರಿ ಹೇಳಿದೆ. ಬಂಕಿನವನು ಕಾಲು ಝಾಡಿಸುತ್ತ, "ಅಕ್ಕಾರ, ನಿಮ್ಮ ಗಾಡಿ ಹಾಲುಗೂಸಿನಂಗ ಕಕ್ಕಾಕತ್ತದ ನೋಡ್ರಿ. ಬೆನ್ನ ತಟ್ಟಿ ಕರ್ಕೊಂಡ ಬರಬೇಕಿತ್ತು" ಎಂದ. ಕೊನೆಗೆ ನೂಲಿನಂಥ ಧಾರೆಯಲ್ಲಿ ನಾಲ್ಕು ಹನಿ ಹಾಕಿ ಕಳಿಸಿದ.

ನಮ್ಮ ಮೆಕ್ಯಾನಿಕ್ ಮಹೆಬೂಬ್ ಮೊದಲು ಬಂಕಿನ ಪೈಪೇ ಖರಾಬ್ ಎಂದ. ಇನ್ನೊಂದು ಬಂಕಿಗೆ ಹೋದೆವು, ಟಕ್. ಆಗ ತಪ್ಪು ಪೆಟ್ರೋಲಿನದಾಯಿತು, ಆಮೇಲೆ ರಸ್ತೆಯದಾಯಿತು. ಪೆಟ್ರೋಲಿನ ಟಾಕಿ ಇಳಿಸಿ ನೋಡಬೇಕು, ಗಾಡಿ ಬಿಟ್ಟು ಹೋಗಿ ಎಂದ. ಬಿಡುವುದು ಹೇಗೆ? ಮರುದಿನವೇ ನೆಲೋಗಿಯಲ್ಲಿ ತಂಗಿಯ ಮಗಳ ಚೊಚ್ಚಲ ಬಸಿರಿನ ಕುಬಸ. ಹಸಿರು ಸೀರೆ ದೊಡ್ಡವ್ವನ ಕಡೆಯಿಂದಲೇ ಬರಬೇಕೆಂದು ಆ ಹುಡುಗಿ ನಾಚಿಕೆ ಬಿಟ್ಟು ಬಾಯಿಬಿಟ್ಟು ಕೇಳಿದ್ದಳು. ಹನ್ನೆರಡರೊಳಗೆ ಆ ಸೀರೆ ಉಡಿಸಿ ಉಡಿ ತುಂಬಬೇಕು. ಆಳಂದ ಎಲ್ಲಿ, ಜೇವರ್ಗಿ ದಾಟಿ ನೆಲೋಗಿ ಎಲ್ಲಿ!

ಸಂಜೆ ಬೇಳೆ ಹಸನು ಮಾಡುತ್ತ ಅತ್ತೆಯ ಮುಂದೆ ದುಃಖ ತೋಡಿಕೊಂಡೆ. ಅವರು ಮೊರದಿಂದ ಕಣ್ಣೆತ್ತಲಿಲ್ಲ. "ಹೊಟ್ಯಾಗಿನ ಗಾಳಿ ಹೊರಗ ಬರಲಾರ್ದ ಹಾಲು ಒಳಗ ಹೆಂಗ ಹೋಗ್ತದವಾ? ಅದು ತೇಗು ಎಲ್ಲಿಂದ ಬಿಡ್ತದ, ಅಲ್ಲಿ ನೋಡು" ಎಂದರು. ನಮ್ಮ ಕಾನ್ವೆಂಟಿನಲ್ಲಿ ತೇಗುವುದು ಮಹಾಪರಾಧ. ಕಾರಿಗೂ ತೇಗು ಇರುತ್ತದೆಂದು ಯಾವ ಸಿಸ್ಟರೂ ಹೇಳಿರಲಿಲ್ಲ. ಆದರೆ ಅಷ್ಟರಲ್ಲಿ ನನಗೊಂದು ನೆನಪಾಯಿತು. ಬಟ್ಟೆ ಒಣಹಾಕುವಾಗೆಲ್ಲ ಒಂದು ಕುಂಬಾರ ಹುಳ, ಸಣ್ಣ ನಡುವಿನ ಬೆಡಗಿ, ನಲ್ಲಿಯ ಕೆಳಗಿನ ಹಸಿಮಣ್ಣನ್ನು ಉಂಡೆ ಮಾಡಿಕೊಂಡು ಕಾರಿನ ಹಿಂದಿನ ಗಾಲಿಯ ಕಡೆ ಹೋಗುತ್ತಿತ್ತು. ಮಣ್ಣು ಮೆತ್ತುವಾಗ ಗುಂಯ್ ಎಂದು ಹಾಡಿಕೊಳ್ಳುತ್ತಿತ್ತು. ಪಾಪ, ಬಿಸಿಲು ಬಹಳ ಎಂದು ನಾನೇ ಅಲ್ಲಿ ಒಂದು ತಂಬಿಗೆ ನೀರು ಚೆಲ್ಲುತ್ತಿದ್ದೆ.

ಬೆಳಿಗ್ಗೆ ಮಹೆಬೂಬ್ ಬಂದು ಗಾಲಿಯ ಪಕ್ಕ ಮಲಗಿ ನೋಡಿದ. ಟಾಕಿಯ ಗಾಳಿ ಹೊರಬರುವ ಪೈಪಿನ ಬಾಯಿಗೆ ನುಣ್ಣಗೆ ಮಣ್ಣಿನ ಮುಚ್ಚಳ. ಅವನು ಸ್ಕ್ರೂಡ್ರೈವರ್ ಎತ್ತಿದ್ದೇ ತಡ, ಹೊಸ್ತಿಲಿನಿಂದ ಅತ್ತೆಯ ದನಿ ಬಂತು. "ಮಹೆಬೂಬ, ಕೈ ಹಚ್ಚಬ್ಯಾಡ. ಕುಂಬಾರ ಹುಳ ಗೂಡು ಕಟ್ಟಿದ್ರ ಆ ಮನ್ಯಾಗ ಯಾರರೆ ಬಸರಾಗ್ತಾರ." ಆಮೇಲೆ ನನ್ನ ಕಡೆ ತಿರುಗಿ, "ಕುಬಸಕ್ಕ ಹೊಂಟಾಕಿ ಗೂಡು ಒಡದು ಹೋಗ್ತೀಯೇನವಾ?" ಎಂದರು.

ಮಹೆಬೂಬ್ ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ, ತನ್ನ ಅಮ್ಮಿಯೂ ಹೀಗೇ ಅನ್ನುತ್ತಾಳೆಂದು ಕೈತೊಳೆದುಕೊಂಡ. ವಕೀಲರಾದ ನಮ್ಮ ಯಜಮಾನರು ವಿಜ್ಞಾನದ ಪರವಾಗಿ ವಾದಕ್ಕೆ ನಿಂತರು. "ನೀ ಹುಟ್ಟೂ ಮುಂದನೂ ನಮ್ಮ ತೊಲಿಗೆ ಹಿಂಗ ಕಟ್ಟಿತ್ತು" ಎಂದರು ಅತ್ತೆ. ಸಾಕ್ಷಿ ತಾವೇ ಆಗಿಬಿಟ್ಟ ಮೇಲೆ ವಕೀಲರು ಏನು ಮಾಡಿಯಾರು? ವಾಯಿದೆ ಕೇಳಿ ಕೋರ್ಟಿಗೆ ಹೋದರು. ಅತ್ತೆಯ ದೃಷ್ಟಿ ಮನೆಯ ಮೇಲೆಲ್ಲ ಒಮ್ಮೆ ಸುತ್ತಿತು. ಈ ಮನೆಯಲ್ಲಿರುವ ಹೆಂಗಸರು ಅವರು ಮತ್ತು ನಾನು. ದೃಷ್ಟಿ ಸುತ್ತಿ ಬಂದು ನನ್ನ ಹೊಟ್ಟೆಯ ಮೇಲೆ ನಿಂತಿತು. ಗ್ರಹಚಾರ, ಆಗ ನನ್ನ ಕೈಯಲ್ಲಿ ಉಪ್ಪು ಹಚ್ಚಿದ ಮಾವಿನಕಾಯಿ ಹೋಳಿತ್ತು.

ಗೂಡು ಸಮೇತ ಹೊರಟೆವು. ನಾನು ಕಾರು ನಡೆಸಿದೆ. ಅತ್ತೆ ಪಕ್ಕದಲ್ಲಿ ಹಸಿರು ಸೀರೆಯನ್ನೂ ಬಳೆಯನ್ನೂ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕಲಬುರಗಿಯ ಬಂಕಿನಲ್ಲಿ ನೂಲಿನ ಧಾರೆ ಬಿಟ್ಟು ಬಿಟ್ಟು ಅಲ್ಲಿಯವನ ಕೈ ಸೋತಿತು. ಅಲ್ಲಿ ಕುಡಿದದ್ದು ಜೇವರ್ಗಿಯವರೆಗೆ ಮಾತ್ರ ಸಾಕಾಯಿತು. ಅಲ್ಲಿಯೂ ಟಕ್, ಟಕ್. ಅಷ್ಟರಲ್ಲಿ ತಂಗಿಯ ಫೋನು. "ಅಕ್ಕಾ, ಎಲ್ಲಿದ್ದಿ? ಹುಡುಗಿ ಮಣಿ ಮ್ಯಾಲ ಕುಂತಾಳ. ಅವರತ್ತಿ ಬ್ಯಾರೆ ಸೀರಿ ತಂದು ಇಟ್ಟಾರ. ಇಕಿ ಒಲ್ಲೆ ಅಂತ ಅಳಾಕತ್ತಾಳ." ಫೋನಿನೊಳಗಿನ ಅಳು ಅತ್ತೆಗೂ ಕೇಳಿಸಿತು. ಅತ್ತೆ ಒಮ್ಮೆ ಸೀರೆಯನ್ನು ನೋಡಿದರು, ಒಮ್ಮೆ ನನ್ನ ಮುಖವನ್ನು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಪಕ್ಕದ ಪಂಕ್ಚರ್ ಅಂಗಡಿಯವನನ್ನು ಕರೆದರು.

"ತಮ್ಮಾ, ಆ ಪೈಪಿನ ತುದಿ ಕಳಚಿ ನನ್ನ ಕೈಯಾಗ ಕೊಡು. ಗೂಡು ಮಾತ್ರ ಒಡೀಬ್ಯಾಡ."

ವಕೀಲರಿಗಾಗಲಿ, ಮಹೆಬೂಬ್‌ಗಾಗಲಿ, ನನಗಾಗಲಿ ಇದು ಹೊಳೆದಿರಲಿಲ್ಲ. ರಬ್ಬರಿನ ತುದಿ ಕಳಚಿದ್ದೇ ಕಾರು ಊಟ ಮುಗಿಸಿದ ಬೀಗರಂತೆ ತೇಗಿತು. ಪೆಟ್ರೋಲು ಗಟಗಟ ಇಳಿಯಿತು. ಅತ್ತೆ ಆ ಪೈಪಿನ ತುಂಡನ್ನು ಸೆರಗಿನಲ್ಲಿ ಹಿಡಿದು, "ಸಾವಕಾಶ ಹೊಡಿ, ಕೂಸದಾವ" ಎಂದರು. ಸಾವಕಾಶ ಹೋದರೆ ಹನ್ನೆರಡಾಗುತ್ತದೆ. ನಾನು ಸಾವಕಾಶ ಹೋಗಲಿಲ್ಲ.

ಹುಡುಗಿ ಕಣ್ಣೊರೆಸಿಕೊಂಡು ನಮ್ಮ ಸೀರೆಯನ್ನೇ ಉಟ್ಟಳು. ಎಲ್ಲ ಸುಸೂತ್ರವಾಯಿತು ಎಂದು ಊಟಕ್ಕೆ ಕುಳಿತಾಗ ಯಾರೋ ಅತ್ತೆಯ ಸೆರಗಿನಲ್ಲಿ ಏನೆಂದು ಕೇಳಿದರು. ಅತ್ತೆ ಗೂಡು ತೋರಿಸಿ, ನಮ್ಮ ಕಾರಿಗೆ ಕಟ್ಟಿತ್ತು, ಕಾರು ಹೊಡೆಯುವವಳು ಇವಳೇ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರು. ಅಂಗಳದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ಒಬ್ಬರು ಸುಮ್ಮನೆ ನನ್ನ ತಾಟಿಗೆ ಇನ್ನೆರಡು ಹೋಳಿಗೆ ಬಡಿಸಿದರು. ನಾನು ಕೈ ಅಡ್ಡ ಹಿಡಿದೆ. ಅವರು ಬೆರಳ ಸಂದಿ ನೋಡಲೇ ಇಲ್ಲ.

ಕಾರಿಗೀಗ ಹೊಸ ಪೈಪು. ಹಳೆಯದನ್ನು ಅತ್ತೆ ಪಡಸಾಲೆಯ ಕಿಟಕಿಗೆ ಕಟ್ಟಿದ್ದಾರೆ. ಮರಿಗಳು ಮಣ್ಣಿನ ಮುಚ್ಚಳ ಕೊರೆದು ಹಾರಿಹೋದವು. ನಿನ್ನೆ ನೋಡಿದರೆ ಮತ್ತೊಂದು ಹುಳ ಮಣ್ಣುಂಡೆ ಹಿಡಿದು ಹಿಂದಿನ ಗಾಲಿಯ ಹತ್ತಿರ ಸುಳಿಯುತ್ತಿತ್ತು. ಅತ್ತೆ ಮಲಗಿದ್ದಾರೆಂದು ಖಚಿತ ಮಾಡಿಕೊಂಡು, ಟವೆಲ್ ಬೀಸಿ ಬೀಸಿ ಅದನ್ನು ಪಕ್ಕದ ಮನೆಯ ಕಾಂಪೌಂಡಿಗೆ ದಾಟಿಸಿದೆ. ಅಲ್ಲಿ ಹೊಸ ಸೊಸೆ ಬಂದಿದ್ದಾಳೆ, ಅವಳಿಗಾದರೆ ಚೆಂದ. ಇಂಥ ಮಾತುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೂ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಸುಮ್ಮನೆ ಅಪಾಯ ಯಾಕೆ?