ಮೂರು ವರ್ಷ ಬಿಚ್ಚದ ನಾಲ್ಕು ಟೈರು

ಟೈರು ಸವೆದ ಕಾರು ಇಟ್ಟುಕೊಂಡವನನ್ನು ನಗೆಪಾಟಲಿನ ಪ್ರಸಂಗಗಳು ಮನೆ ಹುಡುಕಿಕೊಂಡು ಬರುತ್ತವೆ. ಬೇಡವೆಂದರೂ ಬರುತ್ತವೆ, ಬಾಗಿಲು ಹಾಕಿದರೂ ಬರುತ್ತವೆ. ನನಗೂ ಬಂದವು.

ನಾನು ಹಗರಿಬೊಮ್ಮನಹಳ್ಳಿ ಹತ್ತಿರದ ಹಳ್ಳಿಯವನು. ಮೆಕ್ಕೆಜೋಳದ ಹೊಲ, ಎರಡು ಹೊತ್ತಿನ ಪೂಜೆ, ಸೋಮವಾರಕ್ಕೊಮ್ಮೆ ಕೊಟ್ಟೂರಿನ ಗುಡಿ, ಇಷ್ಟೇ ನನ್ನ ಓಡಾಟ. ಕೊಟ್ಟೂರಿನಲ್ಲಿ ನನ್ನ ಗೆಳೆಯನ ಟೈರಿನ ಅಂಗಡಿ ಇದೆ. ನಮ್ಮೂರಿನ ಶಾಲೆಯಲ್ಲಿ ಒಂದೇ ಗೋಣಿಚೀಲದ ಮೇಲೆ ಕೂತು ಕಲಿತವರು ನಾವು. ದರ್ಶನ ಮುಗಿಸಿ ಅವನ ಅಂಗಡಿಗೆ ಹೋಗುವುದು, ಮಂಡಕ್ಕಿ ಮೆಣಸಿನಕಾಯಿ ತರಿಸುವುದು, ಚಹಾ ಕುಡಿಯುವುದು. ನಾನು ಏಳುವ ಮುಂಚೆ ಅವನು ಕಾರಿನ ನಾಲ್ಕೂ ಟೈರಿನ ಗೆರೆಗಳಲ್ಲಿ ಹೆಬ್ಬೆರಳು ಒತ್ತಿ ನೋಡುತ್ತಿದ್ದ, ಹಳೆಯ ವೈದ್ಯರು ನಾಡಿ ಹಿಡಿದ ಹಾಗೆ. "ಇನ್ನೂ ಜೀವ ಐತಿ, ನಡಿ" ಅನ್ನುತ್ತಿದ್ದ. ಟೈರು ಯಾವಾಗ ಬದಲಿಸಬೇಕು ಎಂದು ನಾನಾಗಿ ಎಂದೂ ಯೋಚಿಸಿದವನಲ್ಲ. ಅದು ಅವನ ಹೆಬ್ಬೆರಳಿಗೆ ಬಿಟ್ಟ ಕೆಲಸ.

ಆಮೇಲೆ ಮೂರು ವರ್ಷ ಆ ಹೆಬ್ಬೆರಳು ನನ್ನ ಟೈರನ್ನು ಮುಟ್ಟಲಿಲ್ಲ.

ಹೋಳಿಗೆ ಊಟದ ಸಿಟ್ಟು

ಬಾಗಳಿಯಲ್ಲಿ ನಮ್ಮ ಬೀಗರ ಮನೆಯ ಊಟ. ಗೆಳೆಯನೂ ನನ್ನ ಕಾರಿನಲ್ಲೇ ಬಂದಿದ್ದ. ಮೊದಲು ಕಲ್ಲೇಶ್ವರನ ಗುಡಿಗೆ ಹೋಗಿ, ಆಮೇಲೆ ಊಟಕ್ಕೆ ಸಾಲಿನಲ್ಲಿ ಕೂತೆವು. ಎಲೆಗೆ ಹೋಳಿಗೆ ಬಿತ್ತು, ತುಪ್ಪ ಬಿತ್ತು. ಆಗ ಇವನು ಇಡೀ ಸಾಲಿಗೆ ಕೇಳುವಂತೆ ಅಂದ: "ಲೇ, ನಿನ್ನ ಕಾರಿನ ಟೈರು ಮುಗಿಯಾಕ ಬಂದಾವು. ಎಷ್ಟು ದಿನಾಂತ ತಿಕ್ಕತಿ? ಈ ವಾರ ಬಂದು ಹಾಕಿಸ್ಕೊ."

ಬೀಗರು ಕತ್ತು ತಿರುಗಿಸಿ ನನ್ನನ್ನು ನೋಡಿದರು. ಬೀಗತಿ ಹೋಳಿಗೆ ಬಡಿಸುವುದನ್ನು ನಿಲ್ಲಿಸಿ ನೋಡಿದರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಟೈರಿನ ಅಂಗಡಿ ಇಟ್ಟವಗ ಊರಾಗಿನ ಟೈರೆಲ್ಲಾ ಸವದಂಗs ಕಾಣ್ತಾವು."

ಸಾಲಿಗೆ ಸಾಲೇ ನಕ್ಕಿತು. ಅವನು ನಗಲಿಲ್ಲ. ಎದ್ದುಹೋಗುವಷ್ಟು ಸಿಟ್ಟು ಬಂದಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ನಮ್ಮ ಕಡೆ ಸಾಲಿನಲ್ಲಿ ಕೂತವರು ಎಲ್ಲರ ಊಟ ಮುಗಿಯುವ ಮುಂಚೆ ಏಳುವಂತಿಲ್ಲ. ಎದ್ದರೆ ಅನ್ನಕ್ಕೂ ಅವಮಾನ, ಮನೆಯವರಿಗೂ ಅವಮಾನ. ಅವನೂ ಸಂಸ್ಕಾರವಂತ. ಹಾಗಾಗಿ ಸಿಟ್ಟು ಮಾಡಿಕೊಂಡೇ ಇನ್ನೆರಡು ಹೋಳಿಗೆ ಹಾಕಿಸಿಕೊಂಡ, ಸಿಟ್ಟಿನಲ್ಲೇ ಅನ್ನ ಸಾರು ಉಂಡ, ಮಜ್ಜಿಗೆ ಬರುವತನಕ ಕಾದ, ಕೈ ತೊಳೆದ, ಆಮೇಲೆ ಮುನಿಸಿಕೊಂಡು ಹೋದ.

ಹೋದದ್ದು ಹರಪನಹಳ್ಳಿ ಬಸ್ಸಿಗೆ, ಅದೂ ಬರಿಗಾಲಲ್ಲಿ. ಗುಡಿಗೆ ಹೋಗುವಾಗ ಚಪ್ಪಲಿಯನ್ನು ನನ್ನ ಕಾರಿನಲ್ಲಿ ಬಿಟ್ಟಿದ್ದ. ಕೇಳಿದರೆ ಮಾತಾಡಿದ ಹಾಗಾಗುತ್ತದಲ್ಲ! ಮರುದಿನ ಒಬ್ಬರ ಕೈಯಲ್ಲಿ ಚಪ್ಪಲಿ ಕಳಿಸಿದೆ. "ಇವು ನನ್ನವಲ್ಲ" ಎಂದು ವಾಪಸ್ ಕಳಿಸಿದ. ಅವನು ಹೊಸ ಜೋಡು ಕೊಂಡಿದ್ದನಂತೆ, ಅದೇ ಬಣ್ಣ, ಅದೇ ಅಳತೆ, ಅದೇ ಅಂಗಡಿಯದು.

ಗುಡಿಯ ದಾರಿ

ನಾನು ಸೋಮವಾರದ ದರ್ಶನ ಬಿಡಲಿಲ್ಲ. ನಮ್ಮ ಕಡೆಯಿಂದ ಗುಡಿಗೆ ನೆಟ್ಟಗಿನ ದಾರಿ ಒಂದಿದೆ. ಅವನ ಅಂಗಡಿ ಆ ದಾರಿಯಲ್ಲಿಲ್ಲ, ಊರಿನ ಆಚೆ ಬದಿಗಿದೆ. ಆದರೂ ನನ್ನ ಕಾರು ಪ್ರತಿ ಸೋಮವಾರ ಆಚೆ ಬದಿಗೆ ತಿರುಗುತ್ತಿತ್ತು. ಅಂಗಡಿ ಹತ್ತಿರ ಬಂದಾಗ ಎತ್ತಿನ ಗಾಡಿಯ ಹಾಗೆ ನಿಧಾನವಾಗುತ್ತಿತ್ತು. ಅವನು ಬಾಗಿಲಲ್ಲಿ ನಿಂತಿರುತ್ತಿದ್ದ. ನಾನು ಅವನ ಮುಖ ನೋಡುತ್ತಿದ್ದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ, ಟೈರು ನೋಡುತ್ತಿದ್ದ. ಕಾರು ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಅವನು ರಸ್ತೆಗೆ ಇಳಿದು ಬಗ್ಗಿ, ಹಿಂದಿನ ಟೈರನ್ನೂ ನೋಡುತ್ತಿದ್ದ.

ನಮ್ಮ ಮನೆಯವಳು ಐದಾರು ವಾರ ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಗುಡಿ ಆ ಕಡೆ ಐತಲ್ರಿ?"

"ಈ ಕಡೆ ರಸ್ತಿ ಚಲೋ ಐತಿ."

ಆಗಲೇ ಕಾರು ಒಂದು ಗುಂಡಿಗೆ ಇಳಿದು ಅವಳ ತಲೆ ಮೇಲಿನ ತಗಡಿಗೆ ಬಡಿಯಿತು. "ಹೌದು, ಭಾಳ ಚಲೋ ಐತಿ" ಅಂದಳು.

ಗುಡಿಯಲ್ಲಿ ಕೈಮುಗಿದು ಹೊರಗೆ ಬಂದಾಗ ಮತ್ತೆ ಕೇಳಿದಳು: "ಸ್ವಾಮಿ ಹತ್ರ ಏನು ಬೇಡ್ಕೊಂಡ್ರಿ?"

"ಆ ಮನುಷ್ಯಾಗ ಒಂದೀಟು ಬುದ್ಧಿ ಕೊಡಪ್ಪಾ ಅಂತ."

"ಅಂಗಡಿ ಅಣ್ಣಾರು ಬೆಳಿಗ್ಗೆನೇ ಬಂದು ಹೋಗ್ಯಾರಂತ, ಹೂವಿನಾಕಿ ಹೇಳಿದ್ಲು. ಅವರೂ ಅದನ್ನs ಬೇಡಿರ್ತಾರ. ಸ್ವಾಮಿ ಯಾರಿಗಂತ ಕೊಟ್ಟಾನು? ಇಬ್ಬರಿಗೂ ಕೊಡದs ಸುಮ್ಕs ಕುಂತಾನ."

ಅಮಾವಾಸ್ಯೆ

ಟೈರು ದಿನದಿನಕ್ಕೆ ನುಣ್ಣಗಾಗುತ್ತಿತ್ತು. ಒಂದು ದಿನ ಮನಸ್ಸು ಗಟ್ಟಿ ಮಾಡಿ ಹಗರಿಬೊಮ್ಮನಹಳ್ಳಿಯ ಬೇರೊಂದು ಅಂಗಡಿಗೆ ಹೋದೆ. ಅಂಗಡಿಯವರು ಒಳ್ಳೆಯವರು. ಕೂರಲು ಕುರ್ಚಿ ಕೊಟ್ಟರು. ಗೆರೆಯಲ್ಲಿ ಒಂದು ನಾಣ್ಯ ನಿಲ್ಲಿಸಿ ನೋಡಿದರು. ನಾಣ್ಯ ನಿಲ್ಲಲೇ ಇಲ್ಲ, ಬಿತ್ತು.

"ಯಜಮಾನ್ರs, ಇದರಾಗ ಏನೂ ಉಳಿದಿಲ್ರಿ. ಇವತ್ತs ಬಿಚ್ಚೂನು."

"ನೀವು ಹೆಬ್ಬೆಟ್ಟು ಒತ್ತಿ ನೋಡಂಗಿಲ್ಲೇನು?"

"ಯಾಕ್ರಿ? ನಾಣ್ಯ ಸುಳ್ಳು ಹೇಳತೈತೇನು?"

ಅವರು ಜಾಕ್ ತಂದು ಕಾರಿನ ಕೆಳಗೆ ಇಟ್ಟರು. ಕಾರಿನ ಒಂದು ಬದಿ ಮೆಲ್ಲಗೆ ಮೇಲೆದ್ದಿತು. ಆ ಟೈರುಗಳನ್ನು ಹಾಕಿದವನು ನನ್ನ ಗೆಳೆಯ. ಹಾಕಿದ ದಿನ ಒಂದೊಂದಕ್ಕೂ ವಿಭೂತಿ ಹಚ್ಚಿ, ನಾಲ್ಕನೆಯದರ ಮೇಲೆ ಎರಡೇಟು ಬಡಿದು, "ಇವು ಮುಗಿಯೂದ್ರೊಳಗ ನಾವಿಬ್ರೂ ಮುದುಕ್ರಾಗಿರ್ತೀವಿ" ಅಂದಿದ್ದ. ಈಗ ಇನ್ನೊಬ್ಬರು ಬಿಚ್ಚಿ ಮೂಲೆಗೆ ಎಸೆಯುತ್ತಾರೆ. ಆಮೇಲೆ ಕೊಟ್ಟೂರಿನಲ್ಲಿ ಆ ಬಾಗಿಲ ಮುಂದೆ ಹೊಸ ಟೈರಿನಲ್ಲಿ ದಾಟುವುದು ಹೇಗೆ? ಅವನು ನೋಡುವುದು ಬರೀ ಟೈರನ್ನು. ಅದೂ ಬೇರೆಯವರ ಕೈಯದಾದರೆ ಅವನಿಗೆ ನೋಡಲು ಏನು ಉಳಿಯಿತು?

"ಇವತ್ತು ಬ್ಯಾಡ್ರಿ" ಅಂದೆ. "ಅಮಾಸಿ ಐತಿ."

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ನನ್ನ ಹಣೆಯ ವಿಭೂತಿ ನೋಡಿದರು. ಮತ್ತೆ ಕ್ಯಾಲೆಂಡರ್ ನೋಡಿದರು. "ಯಜಮಾನ್ರs, ಅಮಾಸಿ ಹೋಗಿ ಹತ್ತು ದಿನಾತಲ್ರಿ?"

ಪಂಚಾಂಗ ನೋಡದೆ ಹೊಸ್ತಿಲು ದಾಟದ ನಾನು, ಕಣ್ಣು ಮಿಟುಕಿಸದೆ ಹೇಳಿದೆ: "ನಮ್ಮ ಮನ್ಯಾಗ ಇವತ್ತೈತಿ."

ವಾರಸುದಾರರು

ಟೈರು ಬಿಚ್ಚಿದರೆ ಹಳೆಯವು ಯಾರಿಗೆ ಎಂಬ ಚರ್ಚೆ ನಮ್ಮ ಓಣಿಯಲ್ಲಿ ಅಷ್ಟರಲ್ಲಿ ಶುರುವಾಗಿತ್ತು. ಪಕ್ಕದ ಮನೆಯವರಿಗೆ ಮೇವಿನ ಬಣವಿಯ ಮೇಲಿನ ತಾಡಪಾಲು ಗಾಳಿಗೆ ಹಾರದಂತೆ ಹೇರಲು ಬೇಕು. ಎದುರು ಮನೆಯವರಿಗೆ ಬಾವಿಯ ಮೋಟರಿನ ಕೆಳಗೆ ಇಡಲು ಬೇಕು. ದಿನಾ ಬೆಳಿಗ್ಗೆ ನಾನು ಹೂ ಕೀಳುತ್ತಿರುವಾಗ ಒಬ್ಬರಾದ ಮೇಲೊಬ್ಬರು ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕುವರು.

"ಇನ್ನೂ ಎಷ್ಟು ದಿನ ಅಂತಾರ?" ಎಂದು ದನಿ ತಗ್ಗಿಸಿ ಕೇಳುವರು.

ಒಂದು ದಿನ ಇಬ್ಬರೂ ಒಟ್ಟಿಗೆ ಬಂದು, ಮುಂದಿನ ಎರಡು ನನಗೆ, ಹಿಂದಿನ ಎರಡು ನಿನಗೆ ಎಂದು ಜಗಳ ತೆಗೆದರು. ಒಳಗಿನಿಂದ ನಮ್ಮ ಮನೆಯವಳು ಕೂಗಿದಳು: "ತಡೀರಪ್ಪಾ, ಇನ್ನೂ ಉಸಿರಾಡಾಕ ಹತ್ಯಾವು. ಕಣ್ಣು ಮುಚ್ಚಿದ ಮ್ಯಾಲ ಪಾಲು ಮಾಡ್ಕೊಳ್ರಿ!"

ಕೂಡ್ಲಿಗಿಯಿಂದ ಬರುವಾಗ

ಇದು ಮೊದಲಿಗೆ ನಗುವ ಸಂಗತಿಯಾಗಿರಲಿಲ್ಲ. ಕೂಡ್ಲಿಗಿಯಲ್ಲಿ ನೆಂಟರ ಬಸುರಿ ಹುಡುಗಿಯ ಕುಬಸದ ಕಾರ್ಯ ಮುಗಿಸಿ ಗಂಡ ಹೆಂಡತಿ ಇಬ್ಬರೂ ಮಧ್ಯಾಹ್ನ ಹೊರಟಿದ್ದೆವು. ಜಿಟಿಜಿಟಿ ಮಳೆ. ರಸ್ತೆಯ ಮೇಲೆ ಟ್ರ್ಯಾಕ್ಟರುಗಳು ಹೊತ್ತು ತಂದ ಕೆಸರು. ಒಂದು ತಿರುವಿನಲ್ಲಿ ಕುರಿ ಹಿಂಡು ಅಡ್ಡ ಬಂತು, ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ಎಣ್ಣೆ ಹಚ್ಚಿದ ಹಂಚಿನ ಮೇಲಿನ ರೊಟ್ಟಿಯಂತೆ ಸರ್ರನೆ ಜಾರಿ, ಗಿರ್ರನೆ ತಿರುಗಿ, ಬಂದ ದಾರಿಗೆ ಮುಖ ಮಾಡಿ ನಿಂತಿತು. ಕುರಿಗಳಿಗೆ ಏನೂ ಆಗಲಿಲ್ಲ. ನಮಗೂ ಏನೂ ಆಗಲಿಲ್ಲ. ಕುರಿ ಕಾಯುವವ ಕಂಬಳಿಯೊಳಗಿಂದ ನೋಡಿ, "ಏನಾರ ಮರತ್ ಬಂದೀರೇನ್ರಿ?" ಎಂದು ಕೇಳಿದ.

ನಮ್ಮ ಮನೆಯವಳು ಕೊರಳಲ್ಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕೂತಳು. ಆಮೇಲೆ ಮೆಲ್ಲಗೆ ಅಂದಳು: "ನೋಡ್ರಿ, ನಿಮಗ ಬೇಕಾಗಿದ್ದು ಟೈರಲ್ಲ, ಗೆಳೆಯ. ಅದು ನನಗೂ ಗೊತ್ತು, ಅಣ್ಣಾರಿಗೂ ಗೊತ್ತು, ಈ ಕುರಿಗೂ ಗೊತ್ತಾತು. ನೀವು ಅವರ ಅಂಗಡಿ ಕಟ್ಟಿ ಹತ್ತೂತನಕ ನಾ ಈ ಕಾರು ಹತ್ತಂಗಿಲ್ಲ."

ಬಾಗಿಲು ತೆಗೆದು ಇಳಿದೇಬಿಟ್ಟಳು. ಬಂದ ಬಸ್ಸಿಗೆ ಕೈ ಮಾಡಿದಳು, ಹತ್ತಿದಳು. ನಾನು ಕಾರು ತಿರುಗಿಸಿಕೊಂಡು ಹಗರಿಬೊಮ್ಮನಹಳ್ಳಿಯವರೆಗೂ ಆ ಬಸ್ಸಿನ ಹಿಂದೆಯೇ ತೆವಳುತ್ತ ಬಂದೆ. ಅವಳು ಬಸ್ಸಿನ ಹಿಂದಿನ ಸೀಟಿನಲ್ಲಿ ಮಂಡಿಯೂರಿ ಕೂತು, ಗಾಜಿನಿಂದ ಉದ್ದಕ್ಕೂ ನನ್ನ ಟೈರು ಕಾಯುತ್ತಿದ್ದಳು. ಕಂಡಕ್ಟರು ಬಂದು "ಯಾರಮ್ಮಾ ಅವರು, ಬೆನ್ನು ಹತ್ಯಾರ?" ಎಂದು ಕೇಳಿದನಂತೆ. "ಪರಿಚಯ ಇಲ್ಲಪ್ಪಾ" ಅಂದಳಂತೆ.

ಅಂಗಡಿ ಕಟ್ಟೆ

ಮರುದಿನ ಸೋಮವಾರವೂ ಅಲ್ಲ, ಏನೂ ಅಲ್ಲ. ಪೂಜೆ ಮುಗಿಸಿ, ಒಬ್ಬನೇ, ಮೆಲ್ಲಗೆ ಕೊಟ್ಟೂರಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಅಂಗಡಿ ಮುಂದೆ ಕಾರು ನಿಲ್ಲಿಸಿದಾಗ ಒಂದಕ್ಷರವೂ ನೆನಪಿಗೆ ಬರಲಿಲ್ಲ.

ಅವನು ಹೊರಗೆ ಬಂದ. ನನ್ನನ್ನು ನೋಡಲಿಲ್ಲ. ನೆಟ್ಟಗೆ ಹೋಗಿ ಮುಂದಿನ ಟೈರಿನ ಬಳಿ ಕೂತು ಹೆಬ್ಬೆರಳು ಇಟ್ಟ. ಒತ್ತಲು ಗೆರೆಯೇ ಇರಲಿಲ್ಲ. ಬೆರಳು ಜಾರಿತು.

"ಯಾರು ಓಡಿಸಿದ್ರು ಇದನ್ನ?" ಎಂದ.

"ನಾನs."

"ಇಲ್ಲೀತನಕ?"

"ಇಲ್ಲೀತನಕ."

"ಲೇ, ನಿನ್ನ ಪೂಜಿ ಫಲ ಕೊಟ್ಟೈತಿ ಬಿಡು" ಎಂದು ಎದ್ದ. ಮೂರು ವರ್ಷದ ಮೇಲೆ ಕೇಳಿದ ಮೊದಲ 'ಲೇ'. ನನಗೆ ಕಣ್ಣು ಮಂಜಾಯಿತು. ಕಾರಿನ ಹೊಗೆ ಎಂದು ಒರೆಸಿಕೊಂಡೆ. ಕಾರು ಆಗಲೇ ಆರಿಸಿದ್ದೆ.

ಅವನು ಒಳಗೆ ಕರೆದುಕೊಂಡು ಹೋದ. ಹಿಂದಿನ ತಗಡಿನ ಕೋಣೆಯಲ್ಲಿ ಗೋಣಿಚೀಲ ಹೊದಿಸಿದ್ದ ರಾಶಿಯೊಂದಿತ್ತು. ಚೀಲ ಸರಿಸಿದ. ನಾಲ್ಕು ಹೊಸ ಟೈರು, ನನ್ನ ಕಾರಿನ ಅಳತೆಯವು. ಮೇಲಿನದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: 'ಮಾರೋದಲ್ಲ.'

"ಬಾಗಳಿಯಿಂದ ಬಂದ ವಾರದಾಗs ತರಿಸಿದ್ದು" ಅಂದ. "ಎಷ್ಟು ಮಂದಿ ಕೇಳಿದ್ರು, ಕೊಡಲಿಲ್ಲ. ಇವತ್ತು ಬರ್ತಾನ, ಬರೂ ಸೋಮವಾರ ಬರ್ತಾನ ಅಂತ ಇಟ್ಟೆ."

"ಒಂದು ಮಾತು ಹೇಳಿ ಕಳಿಸಬೇಕಿಲ್ಲೇನು?"

"ನೀ ಒಮ್ಮೆ ಬ್ರೇಕ್ ಒತ್ತಬೇಕಿಲ್ಲೇನು? ವಾರಾ ಮುಂದs ಹೋಗ್ತಿದ್ದೆಲ್ಲ!"

ಒಂದು ಟೈರನ್ನು ಉರುಳಿಸಿಕೊಂಡು ಬೆಳಕಿಗೆ ತಂದ. ಧೂಳು ಒರೆಸಿ, ಅಂಚಿನಲ್ಲಿ ಅಚ್ಚಾದ ಅಂಕಿ ಓದಿದ. ಟೈರು ಯಾವ ವರ್ಷ, ಯಾವ ವಾರ ತಯಾರಾಯಿತೆಂದು ಅಲ್ಲಿ ಬರೆದಿರುತ್ತದೆ. ಬೆರಳು ಮಡಿಚಿ ಲೆಕ್ಕ ಹಾಕಿದ. ರಬ್ಬರನ್ನು ಬಗ್ಗಿಸಿ ನೋಡಿದ. ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟವು. ಅವನ ಮುಖ ಇಳಿಯಿತು.

"ಇವೂ ಹೋದವಲ್ಲೋ."

"ಓಡೇ ಇಲ್ಲ, ಹೆಂಗ ಹೋಗ್ತಾವು?"

"ತಗಡಿನ ಕಾವಿನ್ಯಾಗ ಮೂರು ವರ್ಷ ಕುಂತು ಕುಂತು ಬಿರುಸಾಗ್ಯಾವು. ಸುಮ್ಕ ಇಟ್ರೂ ರಬ್ಬರು ಮುದಿಯಾಗತೈತಿ."

ಇಬ್ಬರೂ ಆ ನಾಲ್ಕು ಟೈರುಗಳನ್ನು ನೋಡುತ್ತ ನಿಂತೆವು. "ಹಾಕು, ನಡೀತಾವು" ಅಂದೆ. "ನಿನಗ ಹಾಕಂಗಿಲ್ಲ" ಅಂದ. "ಹೊಸಾವು ನಾಡಿದ್ದು ಬರ್ತಾವು. ಅಲ್ಲೀತನಕ ಕಾರು ಇಲ್ಲೇ ಇರಲಿ. ಕೀಲಿ ಕೊಡು." ಕೊಟ್ಟೆ. ಅಂಗಡಿ ಬಾಗಿಲು ಎಳೆದು ನನ್ನ ಜೊತೆ ಬಸ್ ನಿಲ್ದಾಣಕ್ಕೆ ನಡೆದು ಬಂದ. ಕಟ್ಟೆಯ ಮೇಲೆ ಕೂತೆವು.

ಸಂಜೆಯ ಮುಂದೆ ಮನೆಯಿಂದ ಫೋನು ಬಂತು. ನಮ್ಮ ಮನೆಯವಳ ದನಿಯಲ್ಲಿ ಗಾಬರಿ. "ಬೆಳಿಗ್ಗೆ ಹೋದಾವ್ರು ಎಲ್ಲಿ ಅದೀರಿ? ಟೈರು ಹಾಕಿದ್ರೇನು?"

"ಇಲ್ಲ."

ಕೇಳಲೋ ಬೇಡವೋ ಎಂಬಂತೆ ಮತ್ತೆ ಕೇಳಿದಳು: "ಅಣ್ಣಾರು ಮಾತಾದ್ರೂ ಆಡಿದ್ರೇನ್ರಿ?"

ಪಕ್ಕದಲ್ಲಿ ಅವನು ನನ್ನ ತೊಡೆ ತಟ್ಟಿ ತಟ್ಟಿ ಏನೋ ಹೇಳುತ್ತಲೇ ಇದ್ದ.

"ನಾಲ್ಕು ಬಸ್ಸು ಬಿಟ್ಟೀನಿ" ಅಂದೆ. "ಇನ್ನೂ ಮೊದಲ್ನೇ ವರ್ಷದ ಬೈಗುಳನs ಮುಗಿದಿಲ್ಲ."