ಬುದ್ಧನೂ ಎರಡನೇ ಬ್ರೇಕೂ

ಸಕಲ ಜೀವಿಗಳ ಒಳಗೂ ಒಬ್ಬ ಬುದ್ಧ ಮಲಗಿದ್ದಾನೆ, ಅವನು ಎಚ್ಚರಾಗುವುದೊಂದೇ ಬಾಕಿ ಎಂದು ಬೌದ್ಧ ಭಿಕ್ಷುಗಳು ಹೇಳುತ್ತಾರೆ. ಪಾಪ, ಅವರ್ಯಾರೂ ನನ್ನ ಸೋದರಮಾವನ ಹತ್ತಿರ ಕಾರು ಕಲಿತವರಲ್ಲ. ಶಿರಸಿಯಲ್ಲಿ ಡ್ರೈವಿಂಗ್ ಕ್ಲಾಸ್ ನಡೆಸುವ ಮಾವನ ಪ್ರಕಾರ, ಸ್ಟಿಯರಿಂಗ್ ಹಿಡಿದ ಮನುಷ್ಯನ ಒಳಗೆ ಏನೂ ಇರುವುದಿಲ್ಲ. ಹಾಗಾಗಿ ಅವನ ಪಾಠದಲ್ಲಿ ಇದ್ದದ್ದು ಒಂದೇ ವಾಕ್ಯ: "ಬುದ್ಧಿ ಇದ್ದಾ ನಿಂಗೆ?"

ಕಲಿಸುವ ಕಾರಿನಲ್ಲಿ ಗುರುವಿನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದಷ್ಟೆ. ಅದರ ಮೇಲಿಂದ ಮಾವ ಕಾಲು ತೆಗೆದದ್ದನ್ನು ಕಂಡವರಿಲ್ಲ. ಟೀವಿಯಲ್ಲಿ ಲಾರಿ ಎದುರಿಗೆ ಬಂದರೂ ಅವನು ಮನೆಯ ನೆಲ ಒತ್ತುತ್ತಾನೆ.

ಮದುವೆಯಾದ ಹೊಸತರಲ್ಲಿ ಅತ್ತೆಗೂ ಕಲಿಸಲು ಹೊರಟಿದ್ದನಂತೆ. ಆ ವಾಕ್ಯ ಕಿವಿಗೆ ಬಿದ್ದೊಡನೆ ಅತ್ತೆ ನಡುರಸ್ತೆಯಲ್ಲಿ ಇಳಿದು ಮನೆಗೆ ನಡೆದಳು. ಅಂದಿನಿಂದ ಆ ಕಾರಿನಲ್ಲಿ ಅವಳ ಜಾಗ ಹಿಂದಿನ ಸೀಟು. ಇಬ್ಬರೇ ಹೋಗುವಾಗಲೂ ಅಷ್ಟೆ. ಹೆಗ್ಗರಣೆಯ ಅವಳ ತವರಿಗೆ ಹೊಸದಾಗಿ ಬಂದ ಸೊಸೆ, ಮುಂದೆ ಒಬ್ಬನೇ ಕೂತ ಮಾವನನ್ನು ಕಂಡು, "ಡ್ರೈವರಿಗೂ ಚಾ ಕೊಡವಾ?" ಎಂದು ಕೇಳಿದಳಂತೆ. "ಕೊಡು, ಸಕ್ರೆ ಬ್ಯಾಡ," ಎಂದಳಂತೆ ಅತ್ತೆ.

ಹೀಗಿರುವಾಗ ಮಾವ, ಯಲ್ಲಾಪುರದ ಬಟ್ಟೆ ಅಂಗಡಿಯವನೊಬ್ಬನಿಗೆ ದೂರದ ರಸ್ತೆ ರೂಢಿಯಾಗಲೆಂದು ಮುಂಡಗೋಡಿನ ಟಿಬೆಟನ್ ಕ್ಯಾಂಪಿನವರೆಗೆ ಅವನ ಕೈಯಲ್ಲೇ ಕಾರು ಓಡಿಸಿದ. ಅಲ್ಲಿ ಮಾರುವ ಸ್ವೆಟರಿನ ಆಸೆಗೆ ನಾನೂ ಹೋಗಿದ್ದೆ. ಶಿಷ್ಯ ರಿವರ್ಸ್ ತೆಗೆಯುವಾಗ ವಿಹಾರದ ಹೂವಿನ ಕುಂಡವೊಂದು ಉರುಳಿತು.

"ಬುದ್ಧಿ ಇದ್ದಾ?" ಮಾವ ಗರ್ಜಿಸಿದ.

ಕಟ್ಟೆಯ ಮೇಲೆ ಪದ್ಮಾಸನ ಹಾಕಿ ಕೂತಿದ್ದ ಮುದುಕ ಲಾಮಾರಿಗೆ ಕಿವಿ ಮಂದ. ಪ್ರಶ್ನೆ ತಮಗೇ ಎಂದುಕೊಂಡರು. "ಬುದ್ಧ ಏನ್ರಿ? ಅದಾನ್ರಿ. ಎಲ್ಲಾರೊಳಗೂ ಅದಾನ್ರಿ."

"ಇವನೊಳಗೂ?"

ಲಾಮಾ ಶಿಷ್ಯನನ್ನು ನೋಡಿದರು, ಕುಂಡವನ್ನೂ ನೋಡಿದರು. "ಅದಾನ್ರಿ. ಮ್ಯಾಲ ಸ್ವಲ್ಪ ಮಣ್ಣು ಬಿದ್ದೈತಿ."

ಮರುದಿನದಿಂದ ಮಾವನ ಬೈಗುಳ ನಿಂತೇಹೋಯಿತು. ಶಿಷ್ಯರು ಗಟಾರದ ಕಡೆ ತಿರುಗಿಸಿದರೆ ಅವರ ಅಂಗಿಯ ಗುಂಡಿಯನ್ನೇ ನೋಡುತ್ತ, "ಒಳಗಿದ್ದವರೇ, ಸ್ವಲ್ಪ ಬಲಕ್ಕೆ ಬನ್ನಿ," ಎಂದು ವಿನಂತಿಸತೊಡಗಿದ. ಬಟ್ಟೆ ಅಂಗಡಿಯವ ಕೈಮುಗಿದ: "ಮಾಸ್ತರ್ರೇ, ಮೊದಲಿನ ಹಂಗೇ ಬೈರಿ. ಇದು ಕೇಳಿದ್ರೆ ಹೆದರಿಕೆ ಆಗ್ತದೆ."

ಇಷ್ಟಾದರೂ ಬ್ರೇಕಿನ ಮೇಲಿನ ಕಾಲು ಅಲ್ಲೇ ಇತ್ತು. ಮಾವನ ಬಾಯಿ ಬುದ್ಧನಿಗೆ ಶರಣಾಗಿತ್ತು, ಕಾಲು ಆಗಿರಲಿಲ್ಲ.

ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಒಂದು ದಿನ ದೋಸೆ ಎರೆಯುತ್ತಲೇ ಕೇಳಿದಳು: "ಎಲ್ಲರೊಳಗೂ ಬುದ್ಧ ಇದ್ನಡ. ಎನ್ನೊಳಗೆ ಇಲ್ಯಾ?"

"ಇದ್ದ."

"ಮದುವೆ ಆದ ವರ್ಷ ಇದ್ದಿದ್ನಿಲ್ಯಾ?"

ಮಾವ ದೋಸೆ ಮುರಿಯುವುದನ್ನು ನಿಲ್ಲಿಸಿದ. "ಆಗ್ಲೂ ಇದ್ದಿದ್ದ. ಎಂಗೆ ಕಂಡಿದ್ನಿಲ್ಲೆ."

ಅತ್ತೆ ಕಲಿಯಲು ಒಪ್ಪಿದಳು. ಷರತ್ತು ಒಂದೇ: ತವರಿಗೆ ತಾನೇ ಓಡಿಸಿಕೊಂಡು ಹೋಗಬೇಕು, ಮಾವ ಬ್ರೇಕು ಮುಟ್ಟಬಾರದು. ಕಲಿತಳು, ಚೆನ್ನಾಗಿಯೇ ಕಲಿತಳು. ಎಲ್ ಬೋರ್ಡು ಹಾಕಿಕೊಂಡು ಹೆಗ್ಗರಣೆಗೆ ಹೊರಟೆವು. ಅವಳು ಖಾಲಿ ಮಾಡಿದ ಹಿಂದಿನ ಸೀಟು ನನಗೆ ಬಂತು.

ಆದರೆ ಮಾವ ತನ್ನ ಬ್ರೇಕು ಒತ್ತಿದರೆ ಅವಳ ಕಾಲ ಕೆಳಗಿನ ಪೆಡಲೂ ತಾನಾಗಿ ಇಳಿಯುತ್ತದೆ, ಮುಚ್ಚಿಡುವುದು ಹೇಗೆ? ಮೊದಲ ತಿರುವಿನಲ್ಲೇ ಇಳಿಯಿತು. ಅತ್ತೆ ಕಾರು ಬದಿಗೆ ನಿಲ್ಲಿಸಿ ಬಾಗಿಲಿನ ಹಿಡಿಗೆ ಕೈ ಹಾಕಿದಳು. ನಾನು ಸುಮ್ಮನೆ ಸರಿದು ಜಾಗ ಮಾಡಿದೆ. ಈ ಸಲ ಅವಳು ಹಿಂದೆ ಬಂದು ಕೂತರೆ ಮತ್ತೆ ಯಾವ ಬುದ್ಧನೂ ಅವಳನ್ನು ಮುಂದೆ ಕರೆತರಲಾರ ಎಂಬುದು ಮೂವರಿಗೂ ಗೊತ್ತಿತ್ತು.

"ಎನ್ನೊಳಗೆ ಇದ್ದ ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ಎನ್ನ ಕಾಲು ಮಾತು ಕೇಳ್ತಿಲ್ಲೆ."

ಮಾವ ಚಪ್ಪಲಿ ಕಳಚಿದ. ಮಂಡಿಗಳು ಲಟಕ್ಕೆನ್ನುವಂತೆ ಎರಡೂ ಕಾಲು ಸೀಟಿನ ಮೇಲೆಳೆದುಕೊಂಡು, ಬೆಲ್ಟಿನೊಳಗೇ ಪದ್ಮಾಸನ ಹಾಕಿದ. ಥೇಟ್ ಲಾಮಾ. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿತ್ತು.

"ಹೊರಡು ಮಾರಾಯ್ತಿ," ಎಂದ.

ಹೆಗ್ಗರಣೆ ಮುಟ್ಟಿದಾಗ ಅವನ ಎರಡೂ ಕಾಲು ಜೋಮು ಹಿಡಿದು ಇಳಿಯಲಾಗಲಿಲ್ಲ. ಅತ್ತೆ ಚಾವನ್ನು ಕಾರಿಗೇ ತಂದುಕೊಟ್ಟಳು. ಸಕ್ಕರೆ ಹಾಕಿದ್ದಳು.