ಚಂದ್ರಿ ನಿಂತಲ್ಲೆಲ್ಲ ಬಿಡಾರ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳದಿದ್ದರೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಮೂಗು ನನ್ನದೇ ಅಂತ ಎಲ್ಲರೂ ಅನ್ನುತ್ತಾರೆ. ಪಾಪ, ಕೂಸು ಏನು ಮಾಡೀತು. ಮರಾಠಿ ಸಾಲಿಯಲ್ಲಿ ಎರಡನೇ ಇಯತ್ತೆಗೆ ಪಾಟಿ ಇಟ್ಟು ಕುರಿ ಹಿಂದೆ ಹೋದವನು ನಾನು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿರಿ, ಸಂತೋಷದಲ್ಲಿ ಮಾತ್ರ ತಪ್ಪು ಸಿಗುವುದಿಲ್ಲ.

ಸುದ್ದಿ ಬಂದಾಗ ನಾನು ಮನಿಯಲ್ಲಿರಲಿಲ್ಲ. ನಮ್ಮ ಉಟಗಿಯಲ್ಲಿ ಬ್ಯಾಸಗಿ ಬಂತೆಂದರೆ ಹುಲ್ಲು ನೀರು ಎರಡೂ ಮುಗಿಯುತ್ತವೆ. ಕುರಿ ಹೊಡೆದುಕೊಂಡು ಕೃಷ್ಣಾ ಹೊಳಿ ಕಡೆ ಹೋಗಿ ಹೊಲ ಹೊಲಕ್ಕೆ ಬಿಡಾರ ಹಾಕುತ್ತೇವೆ. ಜತ್ತದ ಸಂತಿಗೆ ಹೋಗಿ ಬಂದವನೊಬ್ಬ, ನಿನ್ನ ಮಗಳು ಶಾಂತವ್ವ ಹಡೆದಳು ಅಂದ. ತೊಟ್ಟಿಲಿಗೆ ಹಾಕಲು ಐದೇ ದಿನ ಉಳಿದಿತ್ತು. ನಮ್ಮ ಮನಿತನದಲ್ಲಿ ತಾಯಿಯ ತಂದೆ ತನ್ನ ಕುರಿಯ ಉಣ್ಣೆಯ ಕಂಬಳಿ ತಂದು ಹಾಸದ ಹೊರತು ಕೂಸು ತೊಟ್ಟಿಲು ಏರುವುದಿಲ್ಲ. ಕೂಸು ತೊಟ್ಟಿಲು ಏರದ ಹೊರತು ಬೀಗರು ಊಟಕ್ಕೆ ಕೂಡುವುದಿಲ್ಲ. ಕಂಬಳಿಯನ್ನು ಚಳಿಗಾಲದಲ್ಲೇ ನೇಯಿಸಿದ್ದೆ. ಹಾಗಿದ್ದರೆ ಮನಿಯಲ್ಲೇ ಇಟ್ಟು ಹೋಗಬಾರದಿತ್ತೇ ಎಂದು ಕೇಳಬೇಡಿರಿ. ಹೆಂಡತಿ ಕೇಳಿ ಆಗಿದೆ.

ಕುರಿಗಳನ್ನು ಮಗನಿಗೆ ಒಪ್ಪಿಸಿ, ಕಂಬಳಿ, ಬೋಗುಣಿ, ಉಣ್ಣೆಯ ಗಂಟು ಎಲ್ಲ ಹೇರಿಕೊಂಡ ನಮ್ಮ ಮುದಿ ಕುದುರಿ ಚಂದ್ರಿಯನ್ನು ಹಿಡಿದು ಹೊರಟೆ. ಮೂರು ದಿನದ ಹಾದಿ ಎಂಬುದು ನನ್ನ ಲೆಕ್ಕ. ಚಂದ್ರಿ ಹುಟ್ಟಿದಂದಿನಿಂದ ಕುರಿಗಳ ನಡಿಗೆ ನಡೆದವಳು. ಹಿಂಡು ಯಾವ್ಯಾವ ಹೊಲದಲ್ಲಿ ತಂಗುತ್ತಿತ್ತೋ ಅಲ್ಲೆಲ್ಲ ನಿಂತಳು. ಹಗ್ಗ ಜಗ್ಗಿದೆ, ಬೆಲ್ಲ ತೋರಿಸಿದೆ, ಅವಳ ಅವ್ವನನ್ನು ಬೈದೆ. ಹೇರು ಇಳಿಸಿ, ಮೂರು ಕಲ್ಲಿಟ್ಟು ಒಲಿ ಹೊತ್ತಿಸಿ, ಹೊಗೆ ಮೂಗಿಗೆ ಬಡಿದ ಮೇಲೆಯೇ ಬಿಡಾರ ಆಯಿತೆಂದು ಆಕೆಗೆ ಸಮಾಧಾನ. ತಿರುಗಿ ಹೇರಿದರೆ ಬೆಳಗಾಯಿತೆಂದು ತಿಳಿದು ನಡೆಯುತ್ತಿದ್ದಳು. ಹೀಗೆ ದಿನಕ್ಕೆ ಮೂರು ಸಲ ಬಿಡಾರ ಹೂಡಿ ಮೂರು ಸಲ ಕಿತ್ತು ನನ್ನ ಸೊಂಟ ನನ್ನ ಮಾತು ಕೇಳುವುದನ್ನು ಬಿಟ್ಟಿತು.

ಬಿಸಿಲೋ, ಹಂಚಿನ ಮೇಲಿನ ರೊಟ್ಟಿಯನ್ನಾದರೂ ಯಾರೋ ತಿರುವಿ ಹಾಕುತ್ತಾರೆ, ನನಗೆ ಅದೂ ಇಲ್ಲ. ಗಾಳಿ ಎದ್ದರೆ ಬುತ್ತಿಯಲ್ಲಿ ಅರ್ಧ ಶೇಂಗಾ ಚಟ್ನಿ, ಅರ್ಧ ಮಣ್ಣು. ಆದರೂ ಸುಳ್ಳು ಹೇಳಬಾರದು: ಆಕೆ ನಿಂತಲ್ಲೆಲ್ಲ ಒಂದು ಗಿಡದ ನೆರಳೋ, ಒಂದಿಷ್ಟು ನೀರಿರುವ ಬಾವಿಯೋ ಇದ್ದೇ ಇತ್ತು. ಬೆಲ್ಲದ ಚಹಾ ಕುಡಿದು ಕಾಲು ಚಾಚಿ, ಮೊಮ್ಮಗಳಿಗೆ ಏನು ಹೆಸರಿಡೋಣ ಎಂದು ಕೇಳುತ್ತಿದ್ದೆ. ನಾನು ಅಂದ ಹೆಸರಿಗೆಲ್ಲ ಚಂದ್ರಿ ತಲೆದೂಗಿದಳು. ನೊಣ ಭಾಳ ಇದ್ದವು.

ಐದನೆಯ ದಿನ ಹೊತ್ತು ಇಳಿಯುವಾಗ ನಮ್ಮ ಮನಿ ಮುಂದಿನ ಬೇವಿನ ಗಿಡ ಕಂಡಿತು. ಆಗ ಚಂದ್ರಿ ನಿಂತಳು. ಊರ ಹೊರಗಿನ ಹಳ್ಳದ ದಂಡೆ, ಹಿಂಡಿನ ಕೊನೆಯ ಬಿಡಾರ. ದೀಪ ಹಚ್ಚುವುದರೊಳಗೆ ಕಂಬಳಿ ಮುಟ್ಟದಿದ್ದರೆ ಶಾಂತವ್ವ ಅತ್ತಿಮನಿಯಲ್ಲಿ ಜನ್ಮವಿಡೀ ಮಾತು ಕೇಳಬೇಕು. ಒಲಿ ಹೂಡುವ ಹೊತ್ತೆಲ್ಲಿ? ಹೇರನ್ನೆಲ್ಲ ಇಳಿಸಿ ನನ್ನ ಬೆನ್ನಿಗೇ ಕಟ್ಟಿಕೊಂಡು ಓಡಿದೆ. ಹೇರು ಹೋದ ಕಡೆಗೇ ಬಿಡಾರ ಎಂದು ತಿಳಿದಳೋ ಏನೋ, ಚಂದ್ರಿ ಬರಿ ಬೆನ್ನಿನಲ್ಲಿ ಕುಣಿಯುತ್ತ ಹಿಂದೆ ಬಂದಳು. ಕಂಬಳಿಯೊಂದನ್ನೇ ತೆಗೆದುಕೊಂಡು ಓಡಬಹುದಿತ್ತು ಎಂಬುದು ಇದನ್ನು ಬರೆಯುವಾಗ ಹೊಳೆಯುತ್ತಿದೆ.

ಕಟ್ಟಿಯ ಮೇಲೆ ಹಸಿದು ಕುಳಿತಿದ್ದ ಬೀಗರು ನಮ್ಮಿಬ್ಬರನ್ನೂ ನೋಡಿದರು.

"ಬೀಗರ, ಯಾರು ಯಾರನ್ನ ಹೊಡಕೊಂಡು ಬಂದ್ರಿ?"

ಹೆಂಡತಿ ಗೌರವ್ವ ನನ್ನನ್ನು ದಾಟಿ ಹೋಗಿ, ಪಾಪ ದಣಿದಾಳ ಅನ್ನುತ್ತ ಮೊದಲು ಕುದುರಿಗೆ ನೀರಿಟ್ಟಳು.

ಕಂಬಳಿ ಹಾಸಿದರು, ಕೂಸನ್ನು ಹಾಕಿದರು. ನಾನೂ ಚಂದ್ರಿಯೂ ಆರಿಸಿದ ಹೆಸರುಗಳನ್ನು ಯಾರೂ ಕೇಳಲಿಲ್ಲ. ಸೋದರತ್ತಿ ಕಿವಿಯಲ್ಲಿ ಬಾಳವ್ವ ಅಂದಳು, ಆಯಿತು. ಆಮೇಲೆ ಇಡೀ ಮನಿ ಸಾಲಾಗಿ ಹೋಳಿಗೆ ಊಟಕ್ಕೆ ಕುಳಿತಿತು. ಕೂಸು ಅತ್ತಿತೆಂದು ನನ್ನ ತೊಡೆಯ ಮೇಲೆ ತಂದು ಹಾಕಿದರು. ಮಲಗಿಬಿಟ್ಟಿತು. ಊಟ ಮುಗಿದು ಒಬ್ಬೊಬ್ಬರೇ ಎದ್ದರು, ನಾನು ಕದಲಲಿಲ್ಲ.

"ಏಳ್ರಿ, ಕೈ ತೊಳಕೋರಿ," ಅಂದಳು ಗೌರವ್ವ.

"ಮೊದಲ ಹೇರು ಇಳಿಸ್ರಿ," ಅಂದೆ. ಯಾರಾದರೂ ನಿಜವಾಗಿ ಇಳಿಸಿಯಾರೆಂದು ಕೂಸನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.